ಗಾಳಿ ಹಾಕಿದ ದನದ ಡಾಕ್ಟ್ರು

ನಮ್ಮಪ್ಪನ ಕಾರಿನ ನಾಲ್ಕೂ ಟೈರಿನ ವಾಲ್ವ್ ಮೇಲೆ ಹಸಿರು ಕ್ಯಾಪ್ ಇದೆ. ಹಸಿರು ಕ್ಯಾಪ್ ಅಂದ್ರೆ ಒಳಗಡೆ ನೈಟ್ರೋಜನ್ ಇದೆ ಅಂತ ಅರ್ಥ. ಬಂಕ್‌ನಲ್ಲಿ ಮಾಮೂಲಿ ಗಾಳಿ ಫ್ರೀ, ನೈಟ್ರೋಜನ್‌ಗೆ ಮಾತ್ರ ದುಡ್ಡು. ಎರಡು ವರ್ಷದ ಹಿಂದೆ ಒಂದು ಬಂಕ್‌ನಲ್ಲಿ ಗಾಳಿ ಹಾಕುವ ಹುಡುಗ ಅಪ್ಪನಿಗೆ ಮೂರು ವಿಷಯ ಹೇಳಿದ್ದ. ನೈಟ್ರೋಜನ್ ಹಾಕಿಸಿದ್ರೆ ಟೈರ್ ಬಿಸಿ ಆಗಲ್ಲ, ಮೈಲೇಜ್ ಜಾಸ್ತಿ ಬರುತ್ತೆ, ಮತ್ತೆ ಮತ್ತೆ ಪ್ರೆಶರ್ ಚೆಕ್ ಮಾಡಿಸೋ ತಲೆನೋವೂ ಇರಲ್ಲ ಅಂತ. ಅಪ್ಪ ಮೊದಲ ಎರಡನ್ನು ಅರ್ಧ ನಂಬಿದ್ರು, ಮೂರನೆಯದನ್ನು ಪೂರ್ತಿ ನಂಬಿದ್ರು. ಯಾಕಂದ್ರೆ ಅದು ಅವರಿಗೆ ಬೇಕಾಗಿದ್ದ ಮಾತು.

ಕಳೆದ ದಸರಾ ರಜೆಯಲ್ಲಿ ಮಂಡ್ಯದ ಹತ್ತಿರ ಅಜ್ಜಿ ಊರಿಗೆ ಹೊರಟಿದ್ವಿ. ಮಧ್ಯಾಹ್ನದ ಬಿಸಿಲು, ಹೈವೇ, ಡಿಕ್ಕಿ ತುಂಬಾ ಸಾಮಾನು. ಹಿಂದಿನ ಎಡಗಡೆ ಟೈರ್ ಒಂದೇ ಸಲ ಸಿಡೀತು. ಅಪ್ಪ ಬ್ರೇಕ್ ಒತ್ತದೆ, ಸ್ಟೀರಿಂಗ್ ಗಟ್ಟಿಯಾಗಿ ಹಿಡಿದು ಕಾರನ್ನು ಪಕ್ಕಕ್ಕೆ ತಂದ್ರು. ಹಿಂದೆ ಬರ್ತಿದ್ದ ಲಾರಿ ಹಾರ್ನ್ ಹೊಡೀತಾ ನಮ್ಮನ್ನು ಸವರಿಕೊಂಡೇ ಹೋಯ್ತು. ಅಮ್ಮ ಹತ್ತು ನಿಮಿಷ ಮಾತಾಡಲಿಲ್ಲ. ಯಾರಿಗೂ ಏನೂ ಆಗಲಿಲ್ಲ, ಅಷ್ಟೇ ಪುಣ್ಯ.

ಸ್ಟೆಪ್ನಿ ಹಾಕಿಕೊಂಡು ಪಂಚರ್ ಅಂಗಡಿಗೆ ಹೋದಾಗ ಗೊತ್ತಾಗಿದ್ದು ಇದು. ಟೈರ್‌ಗೆ ಎಂದೋ ಒಂದು ಸಣ್ಣ ಮೊಳೆ ಹೊಕ್ಕಿದೆ, ಗಾಳಿ ನಿಧಾನಕ್ಕೆ ಹೋಗ್ತಾ ಇದೆ. ಗಾಳಿ ಕಮ್ಮಿ ಇದ್ದಾಗ ಟೈರಿನ ಪಕ್ಕದ ಗೋಡೆ ಸುತ್ತು ಸುತ್ತಿಗೂ ಮಡಚಿ ಬಿಚ್ಚಿ, ಮಡಚಿ ಬಿಚ್ಚಿ, ಒಳಗಿಂದೊಳಗೇ ಕಾದುಹೋಗುತ್ತೆ. ಉಳಿದ ಮೂರು ಟೈರ್ ನೋಡಿದ್ರೆ 33 ಪಿಎಸ್‌ಐ ಇರಬೇಕಾದ ಕಡೆ 29, 30 ಇತ್ತು. ಆರು ತಿಂಗಳಿಂದ ಯಾರೂ ಚೆಕ್ ಮಾಡಿರಲಿಲ್ಲ. ನೈಟ್ರೋಜನ್ ಇದೆಯಲ್ಲ!

ಅವತ್ತಿಂದ ಅಪ್ಪನಿಗೂ ನನಗೂ ಒಂದು ವಾದ ಶುರುವಾಯ್ತು, ನೈಟ್ರೋಜನ್‌ಗೆ ಕೊಟ್ಟ ದುಡ್ಡು ದಂಡಾನಾ ಅಂತ. ನಾನು ಮೆಕ್ಯಾನಿಕಲ್ ತಗೊಂಡಿರೋದರಿಂದ ಮನೆಯಲ್ಲಿ ಟೈರಿನ ವಿಷಯಕ್ಕೂ ನಾನೇ ಉತ್ತರ ಕೊಡಬೇಕು. ಉತ್ತರ ಹುಡುಕ್ತಾ ಹೋದವನು ನೈಟ್ರೋಜನ್ ಬಿಟ್ಟು, ಟೈರಿನೊಳಗೆ ಮೊದಲು ಗಾಳಿ ತುಂಬಿದ್ದು ಯಾರು ಅನ್ನೋ ಕಡೆ ಜಾರಿಬಿಟ್ಟೆ. ಅಲ್ಲಿ ಸಿಕ್ಕಿದವರು ಜಾನ್ ಬಾಯ್ಡ್ ಡನ್ಲಪ್. ಹೆಸರು ನಿಮಗೆಲ್ಲಾ ಗೊತ್ತು, ಟೈರ್ ಮೇಲೆ ಓದಿರ್ತೀರ. ಆದರೆ ಅವರು ಎಂಜಿನಿಯರ್ ಅಲ್ಲ, ಪಶುವೈದ್ಯರು ಅಂತ ನನಗಂತೂ ಗೊತ್ತಿರಲಿಲ್ಲ. ನಮ್ಮ ಕಡೆ ಹೇಳೋ ಹಾಗೆ ದನದ ಡಾಕ್ಟ್ರು.

ಡನ್ಲಪ್ ಹುಟ್ಟಿದ್ದು 1840ರ ಫೆಬ್ರವರಿ 5ರಂದು, ಸ್ಕಾಟ್ಲೆಂಡಿನ ಏರ್‌ಶೈರ್ ಸೀಮೆಯ ಡ್ರೆಗ್‌ಹಾರ್ನ್ ಎಂಬ ಹಳ್ಳಿಯಲ್ಲಿ. ಬೇಸಾಯದ ಮನೆ. ಎರಡು ತಿಂಗಳು ಮುಂಚೆಯೇ ಹುಟ್ಟಿದ ಮಗು ಅಂತ ಮನೆಯವರು ಹೇಳ್ತಿದ್ರಂತೆ. ಅದನ್ನು ಕೇಳಿ ಕೇಳಿ ತನ್ನ ಆರೋಗ್ಯ ಸೂಕ್ಷ್ಮ ಅಂತ ಡನ್ಲಪ್ ಜೀವನಪೂರ್ತಿ ನಂಬಿಕೊಂಡಿದ್ದರು, ಹಾಗೇ ಹುಷಾರಾಗಿ ನಡೆದುಕೊಂಡರು. ತಮಾಷೆ ಅಂದ್ರೆ 81 ವರ್ಷದವರೆಗೆ ಅವರಿಗೆ ಹೇಳಿಕೊಳ್ಳುವಂಥ ಕಾಯಿಲೆಯೇ ಬರಲಿಲ್ಲ.

ಓದಿದ್ದು ಎಡಿನ್‌ಬರೋದಲ್ಲಿ, ಪಶುವೈದ್ಯ ಕಾಲೇಜಿನಲ್ಲಿ. 19ನೇ ವಯಸ್ಸಿಗೆ ಓದು ಮುಗಿಸಿ ಡಾಕ್ಟರ್ ಆದರು. (ನನಗೂ ಈಗ 19. ನಾನಿನ್ನೂ ಮ್ಯಾಥ್ಸ್ ಬ್ಯಾಕ್ ಕ್ಲಿಯರ್ ಮಾಡೋದರಲ್ಲೇ ಇದೀನಿ, ಇರಲಿ ಬಿಡಿ.) ಕೆಲವು ವರ್ಷ ಸ್ಕಾಟ್ಲೆಂಡಿನಲ್ಲೇ ಕೆಲಸ ಮಾಡಿ, 1867ರಲ್ಲಿ ಸಮುದ್ರ ದಾಟಿ ಐರ್ಲೆಂಡಿಗೆ ಹೋದರು. ಮೊದಲು ಡೌನ್‌ಪ್ಯಾಟ್ರಿಕ್‌ನಲ್ಲಿ ತಮ್ಮ ಸಹೋದರ ಜೇಮ್ಸ್ ಜೊತೆ ಸೇರಿ ಆಸ್ಪತ್ರೆ, ಆಮೇಲೆ ಬೆಲ್‌ಫಾಸ್ಟ್‌ನಲ್ಲಿ. ಮಾರ್ಗರೆಟ್ ಸ್ಟೀವನ್ಸನ್ ಅವರನ್ನು ಮದುವೆಯಾದರು, ಒಬ್ಬ ಮಗಳು, ಒಬ್ಬ ಮಗ. 1880ರ ದಶಕದ ಮಧ್ಯದ ಹೊತ್ತಿಗೆ ಇಡೀ ಐರ್ಲೆಂಡಿನ ದೊಡ್ಡ ಪಶು ಆಸ್ಪತ್ರೆಗಳಲ್ಲಿ ಅವರದೂ ಒಂದು. ಆ ಕಾಲದಲ್ಲಿ ಊರಿನ ಸಾಗಣೆಯೆಲ್ಲಾ ಕುದುರೆ ಮೇಲೆಯೇ. ಹಾಗಾಗಿ ಕುದುರೆ ಡಾಕ್ಟರಿಗೆ ಕೈತುಂಬಾ ಕೆಲಸ.

ನಾವು ಪುಸ್ತಕದಲ್ಲಿ ಓದುವ ಸಂಶೋಧಕರ ಕಥೆಯಲ್ಲಿ ಒಂದು ಬಡತನ, ಒಂದು ಹಠ, ಒಂದು ದೊಡ್ಡ ಕನಸು ಇರುತ್ತೆ. ಇಲ್ಲಿ ಅದ್ಯಾವುದೂ ಇಲ್ಲ. 47 ವರ್ಷದ, ಉದ್ದ ಗಡ್ಡದ, ಚೆನ್ನಾಗಿ ಸಂಪಾದಿಸ್ತಿದ್ದ ಡಾಕ್ಟರು. ಜೀವನದಲ್ಲಿ ಸೆಟಲ್ ಆಗಿಬಿಟ್ಟಿದ್ದ ಮನುಷ್ಯ.

ಇದ್ದ ಒಂದೇ ಸಮಸ್ಯೆ ಮಗನದು. ಹೆಸರು ಜಾನಿ. ಅವನ ಹತ್ತಿರ ಒಂದು ಟ್ರೈಸಿಕಲ್ ಇತ್ತು, ಚಕ್ರಕ್ಕೆ ಗಟ್ಟಿ ಟೈರು. ಬೆಲ್‌ಫಾಸ್ಟ್ ಬೀದಿಗಳೋ ಕಲ್ಲು ಹಾಸಿದ ಬೀದಿಗಳು, ಮಧ್ಯೆ ಟ್ರಾಮ್ ಹಳಿ. ಅದರ ಮೇಲೆ ಗಟ್ಟಿ ಚಕ್ರದ ಸೈಕಲ್ ತುಳಿದ್ರೆ ಹಲ್ಲು ಕಟಕಟ ಅನ್ನುತ್ತೆ, ವೇಗವೂ ಬರಲ್ಲ. ಇದಕ್ಕೆ ಏನಾದರೂ ಮಾಡಬಹುದಾ ಅಂತ ಅಪ್ಪ ಯೋಚನೆ ಮಾಡೋಕೆ ಶುರುಮಾಡಿದರು. ರಬ್ಬರಿನ ಕೆಲಸ ಅವರಿಗೆ ಮೊದಲೇ ಸ್ವಲ್ಪ ಗೊತ್ತಿತ್ತು.

1887ರ ಅಕ್ಟೋಬರ್. ಮನೆಯ ಅಂಗಳದಲ್ಲಿ ಸುಮಾರು 96 ಸೆಂಟಿಮೀಟರ್ ಅಗಲದ ಒಂದು ಮರದ ತಟ್ಟೆ ಮಾಡಿಸಿದರು. ತೆಳು ರಬ್ಬರ್ ಹಾಳೆಯನ್ನು ಕೊಳವೆಯ ಹಾಗೆ ಅಂಟಿಸಿ, ಆ ತಟ್ಟೆಯ ಅಂಚಿಗೆ ಸುತ್ತಿ, ಮೇಲೆ ಬಟ್ಟೆ ಬಿಗಿದು, ಫುಟ್‌ಬಾಲ್‌ಗೆ ಗಾಳಿ ಹೊಡೆಯುವ ಪಂಪಿನಿಂದ ಗಾಳಿ ತುಂಬಿದರು. ಆಮೇಲೆ ಮಾಡಿದ್ದೇ ನನಗೆ ತುಂಬಾ ಇಷ್ಟವಾದ ಭಾಗ. ಮಗನ ಟ್ರೈಸಿಕಲ್ಲಿನ ಒಂದು ಚಕ್ರ ಬಿಚ್ಚಿಕೊಂಡು ಬಂದು, ಹಳೇ ಚಕ್ರ ಹೊಸ ಚಕ್ರ ಎರಡನ್ನೂ ಅಂಗಳದಲ್ಲಿ ಉರುಳಿಸಿ ಬಿಟ್ಟರು. ಹಳೇದು ಅಂಗಳ ದಾಟೋ ಮುಂಚೆಯೇ ಸುಸ್ತಾಗಿ ಬಿದ್ದುಹೋಯ್ತು. ಗಾಳಿ ಚಕ್ರ ಅಂಗಳ ಪೂರ್ತಿ ಓಡಿ, ಗೇಟಿನ ಕಂಬಕ್ಕೆ ಡಿಕ್ಕಿ ಹೊಡೆದು ವಾಪಸ್ ಬಂತು.

ಇಷ್ಟೇ ಪ್ರಯೋಗ. ಲ್ಯಾಬ್ ಇಲ್ಲ, ರೀಡಿಂಗ್ ಇಲ್ಲ, ರೆಕಾರ್ಡ್ ಬುಕ್ ಇಲ್ಲ. ಆದರೆ ನಾವು ರೋಲಿಂಗ್ ರೆಸಿಸ್ಟೆನ್ಸ್ ಅಂತ ಅರ್ಧ ಪುಟ ಬರೆಯೋ ವಿಷಯವೆಲ್ಲಾ ಅದರೊಳಗೆ ಇದೆ. ಗಟ್ಟಿ ಚಕ್ರಕ್ಕೆ ಒಂದು ಸಣ್ಣ ಕಲ್ಲು ಸಿಕ್ಕಿದ್ರೆ ಇಡೀ ಗಾಡಿಯನ್ನೇ ಎತ್ತಿ ದಾಟಿಸಬೇಕು. ಹಾಗೆ ಎತ್ತಿದ ಶಕ್ತಿ ಮುಂದಕ್ಕೆ ಹೋಗೋಕೆ ಉಪಯೋಗಕ್ಕೆ ಬರಲ್ಲ, ಧಡ್ ಅಂತ ಬಿದ್ದು ಶಬ್ದವಾಗಿ, ಬಿಸಿಯಾಗಿ ಹೋಗಿಬಿಡುತ್ತೆ. ಗಾಳಿ ಟೈರ್ ಆ ಕಲ್ಲನ್ನು ನುಂಗಿಕೊಂಡು ಹೋಗುತ್ತೆ. ಟೈರ್ ಅಲ್ಲಿ ಮಾತ್ರ ತಗ್ಗುತ್ತೆ, ಮತ್ತೆ ಉಬ್ಬುತ್ತೆ, ಗಾಡಿ ಮೇಲೆ ಸುಮ್ಮನೆ ಕೂತಿರುತ್ತೆ. ಭಾರ ಹೊರ್ತಾ ಇರೋದು ರಬ್ಬರ್ ಅಲ್ಲ, ಒಳಗಿನ ಗಾಳಿಯ ಒತ್ತಡ. ರಬ್ಬರು ಅದಕ್ಕೆ ಚೀಲ ಅಷ್ಟೇ.

ಡಾಕ್ಟ್ರು ಟ್ರೈಸಿಕಲ್ಲಿನ ಹಿಂದಿನ ಎರಡು ಚಕ್ರಕ್ಕೂ ಇಂಥ ಟೈರ್ ಹಾಕಿದರು. ಜಾನಿ ಅದನ್ನು ತುಳಿದುಕೊಂಡು ಹೋದ. ಆಮೇಲೆ ದೊಡ್ಡವರ ಸೈಕಲ್ಲಿಗೆ ಮಾಡಿ, ಬೆಲ್‌ಫಾಸ್ಟ್‌ನ ಚೆರಿವೇಲ್ ಮೈದಾನದಲ್ಲಿ ಓಡಿಸಿ ನೋಡಿದ್ದಾಯ್ತು. 1888ರ ಡಿಸೆಂಬರ್ 7ರಂದು ಪೇಟೆಂಟ್ ಸಿಕ್ಕಿತು. ಎಡ್ಲಿನ್ ಎಂಬ ಅಲ್ಲಿಯ ಸೈಕಲ್ ತಯಾರಕರು ಈ ಟೈರ್ ಹಾಕಿದ ಗಾಡಿಗಳನ್ನು ಕಟ್ಟಿ ಮಾರೋಕೆ ಶುರುಮಾಡಿದರು.

ನೋಡಿದವರು ನಕ್ಕರು. ಆಗಿನ ಸೈಕಲ್ ಟೈರ್ ಅಂದ್ರೆ ಬೆರಳು ದಪ್ಪ. ಅದರ ಪಕ್ಕ ಈ ಊದಿಕೊಂಡ ಟೈರ್ ಕಾಲಿಗೆ ಬಾವು ಬಂದ ಹಾಗೆ ಕಾಣ್ತಿತ್ತೇನೋ. ನಗು ನಿಲ್ಲಿಸಿದವನು ವಿಲ್ಲಿ ಹ್ಯೂಮ್ ಎಂಬ ಹುಡುಗ, ಬೆಲ್‌ಫಾಸ್ಟ್‌ನ ಒಂದು ಸೈಕಲ್ ಕ್ಲಬ್ಬಿನ ಕ್ಯಾಪ್ಟನ್. ಅವನೇನೂ ದೊಡ್ಡ ಚಾಂಪಿಯನ್ ಅಲ್ಲ. 1889ರ ಮೇ 18ರಂದು ಕ್ವೀನ್ಸ್ ಕಾಲೇಜಿನ ಕ್ರೀಡಾಕೂಟದಲ್ಲಿ ಈ ದಪ್ಪ ಟೈರಿನ ಸೈಕಲ್ ಹತ್ತಿ ರೇಸಿಗಿಳಿದ, ಗೆದ್ದ. ಆಮೇಲೆ ಲಿವರ್‌ಪೂಲ್‌ಗೆ ಹೋಗಿ ಅಲ್ಲೂ ಗೆದ್ದ. ಸೋತವರಲ್ಲಿ ಡಬ್ಲಿನ್ನಿನ ಹಾರ್ವೇ ಡು ಕ್ರೋ ಎಂಬ ವ್ಯಾಪಾರಿಯ ಮಕ್ಕಳೂ ಇದ್ದರು. ಈ ಡು ಕ್ರೋ ಐರ್ಲೆಂಡಿನ ಸೈಕಲ್ ಸವಾರರ ಸಂಘದ ಅಧ್ಯಕ್ಷ ಬೇರೆ. ಬೇರೆ ಅಪ್ಪ ಆಗಿದ್ರೆ ಇದು ಮೋಸ, ಇಂಥ ಟೈರ್ ಬ್ಯಾನ್ ಮಾಡಿ ಅಂತಿದ್ದರೇನೋ. ಇವರು ಆ ಟೈರನ್ನೇ ಕೊಳ್ಳೋಕೆ ಹೊರಟರು.

1889ರಲ್ಲೇ ಡಬ್ಲಿನ್‌ನಲ್ಲಿ ಕಂಪನಿ ಶುರುವಾಯ್ತು. ಡನ್ಲಪ್ ತಮ್ಮ ಪೇಟೆಂಟನ್ನು ಅದಕ್ಕೆ ಬರೆದುಕೊಟ್ಟು, ಬದಲಿಗೆ 1,500 ಶೇರು ತಗೊಂಡರು. ಎಲ್ಲಾ ಚೆನ್ನಾಗಿ ಹೋಗ್ತಿದೆ ಅನ್ನುವಾಗ, ಪೇಟೆಂಟ್ ಬಂದ ಎರಡು ವರ್ಷಕ್ಕೆ ಬಾಂಬ್ ಬಿತ್ತು. ಪೇಟೆಂಟ್ ಚಲಾವಣೆ ಇಲ್ಲ ಅಂತ.

ಯಾಕಂದ್ರೆ ಇದನ್ನು ಒಬ್ಬರು ಮೊದಲೇ ಮಾಡಿಬಿಟ್ಟಿದ್ದರು. ಡನ್ಲಪ್ ಐದು ವರ್ಷದ ಹುಡುಗ ಆಗಿದ್ದಾಗಲೇ, 1845ರಲ್ಲಿ. ಅವರ ಹೆಸರು ರಾಬರ್ಟ್ ವಿಲಿಯಂ ಥಾಮ್ಸನ್, ಸ್ಕಾಟ್ಲೆಂಡಿನ ಸ್ಟೋನ್‌ಹೇವನ್ ಊರಿನವರು. ಬ್ರಿಟನ್‌ನಲ್ಲಿ ಪೇಟೆಂಟ್ ಮಾಡಿಸಿದಾಗ ವಯಸ್ಸು 23. ಮರುವರ್ಷ ಫ್ರಾನ್ಸ್, ಅದರ ಮುಂದಿನ ವರ್ಷ ಅಮೆರಿಕ. ರಬ್ಬರ್ ಹಚ್ಚಿದ ಕ್ಯಾನ್ವಾಸ್ ಬಟ್ಟೆಯ ಕೊಳವೆ, ಮೇಲೆ ತೊಗಲಿನ ಹೊದಿಕೆ, ಒಳಗೆ ಗಾಳಿ. 1847ರಲ್ಲಿ ಲಂಡನ್ನಿನ ರೀಜೆಂಟ್ಸ್ ಪಾರ್ಕಿನಲ್ಲಿ ಕುದುರೆ ಗಾಡಿಗೆ ಹಾಕಿ ಓಡಿಸಿ ತೋರಿಸಿದ್ದರು. ಒಂದು ಸೆಟ್ ಟೈರು 1,200 ಮೈಲಿ ಓಡಿತ್ತು. ಈಗಿನ ನಮ್ಮ ಕೆಲವು ರಸ್ತೆಗಳಲ್ಲಿ ಅದೂ ದೊಡ್ಡ ಸಾಧನೆಯೇ.

ಆದರೂ ಥಾಮ್ಸನ್ ಟೈರ್ ಯಾರಿಗೂ ಬೇಕಾಗಲಿಲ್ಲ. ಆಗ ರಬ್ಬರ್ ದುಬಾರಿ. ಮೋಟಾರು ಕಾರು ಹುಟ್ಟಿರಲಿಲ್ಲ. ಪೆಡಲ್ ತುಳಿಯೋ ಸೈಕಲ್ಲೂ ಬೀದಿಗೆ ಬಂದಿರಲಿಲ್ಲ. ಕುದುರೆ ಗಾಡಿಯವನಿಗೆ ಸ್ವಲ್ಪ ಕುಲುಕಾಟ ಕಮ್ಮಿ ಆಗ್ಲಿ ಅಂತ ಅಷ್ಟು ದುಡ್ಡು ಹಾಕೋ ಮನಸ್ಸಿರಲಿಲ್ಲ. ಥಾಮ್ಸನ್ ಬೇರೆ ಕೆಲಸಗಳ ಕಡೆ ಹೋದರು, ಉಗಿ ಎಂಜಿನ್ ಇರುವ ರಸ್ತೆ ಗಾಡಿಗಳನ್ನು ಮಾಡಿದರು. ಅದಕ್ಕೆ ಗಟ್ಟಿ ರಬ್ಬರ್ ಟೈರ್ ಹಾಕಿದ್ದರು. ಗಾಳಿ ಟೈರಿನ ಮೂಲಪುರುಷರೇ ಕೊನೆಗೆ ಗಟ್ಟಿ ಟೈರಿಗೆ ಬಂದರು ನೋಡಿ! ಆ ಗಾಡಿಗಳಲ್ಲಿ ಕೆಲವು ಬ್ರಿಟಿಷರ ಕಾಲದ ಪಂಜಾಬಿಗೂ ಬಂದಿದ್ದವು. 1873ರಲ್ಲಿ ಎಡಿನ್‌ಬರೋದಲ್ಲಿ ತೀರಿಕೊಂಡರು. ಡನ್ಲಪ್ ಅಂಗಳದಲ್ಲಿ ಚಕ್ರ ಉರುಳಿಸೋಕೆ ಇನ್ನೂ 14 ವರ್ಷ ಇತ್ತು.

ಹಾಗಾದರೆ ಟೈರ್ ಕಂಡುಹಿಡಿದಿದ್ದು ಯಾರು? ನಾನು ಇದನ್ನು ಹಾಸ್ಟೆಲ್ ರೂಮಿನಲ್ಲಿ ಕೇಳಿದೆ. ರೂಮ್‌ಮೇಟ್ ಸೀದಾ ಥಾಮ್ಸನ್ ಅಂದ, ಮೊದಲು ಮಾಡಿದವನೇ ಮೊದಲಿಗ, ಮುಗೀತು. ನನಗೆ ಅಷ್ಟು ಸುಲಭ ಅನ್ನಿಸಲಿಲ್ಲ. ಡನ್ಲಪ್ ಕದ್ದವರಲ್ಲ, ಥಾಮ್ಸನ್ ವಿಷಯ ಅವರಿಗೆ ಗೊತ್ತೇ ಇರಲಿಲ್ಲ. ಅವರ ಟೈರಿನಿಂದಲೇ ಜಗತ್ತಿನ ಚಕ್ರ ಬದಲಾಗಿದ್ದು. ಆದರೆ ಪೇಟೆಂಟ್ ಆಫೀಸಿಗೆ ಒಳ್ಳೆತನ ಲೆಕ್ಕಕ್ಕಿಲ್ಲ, ತಾರೀಕು ಲೆಕ್ಕ. ಅದೂ ಸರಿಯೇ. ನಮ್ಮ ಮಿನಿ ಪ್ರಾಜೆಕ್ಟ್ ಟಾಪಿಕ್ ಗೂಗಲ್ ಮಾಡಿದಾಗ ಹತ್ತು ವರ್ಷದ ಹಿಂದೆಯೇ ಯಾರೋ ಮಾಡಿ ಬಿಸಾಕಿರ್ತಾರಲ್ಲ, ಆಗ ಹೊಟ್ಟೆಯಲ್ಲಿ ಒಂಥರಾ ಆಗುತ್ತಲ್ಲ, ಡಾಕ್ಟರಿಗೂ ಹಾಗೇ ಆಗಿರಬೇಕು.

ಕಂಪನಿ ಮಾತ್ರ ಮುಳುಗಲಿಲ್ಲ. ಡು ಕ್ರೋ ಚಾಲಾಕಿ. ಗಾಳಿ ಟೈರ್ ಅನ್ನೋ ಐಡಿಯಾ ಕೈತಪ್ಪಿದ ಮೇಲೆ, ಅದನ್ನು ಕೆಲಸಕ್ಕೆ ಬರೋ ಹಾಗೆ ಮಾಡೋ ಚಿಕ್ಕ ಚಿಕ್ಕ ಪೇಟೆಂಟ್‌ಗಳನ್ನು ಕೊಂಡುಕೊಂಡರು. ಡನ್ಲಪ್ ಅವರ ಮೊದಲ ಟೈರಿನ ದೊಡ್ಡ ಕಷ್ಟ ಅಂದ್ರೆ ಅದನ್ನು ರಿಮ್‌ಗೆ ಅಂಟಿಸಿಬಿಡ್ತಿದ್ದರು. ಪಂಚರ್ ಆದ್ರೆ ಕಿತ್ತು, ತೇಪೆ ಹಾಕಿ, ಮತ್ತೆ ಅಂಟಿಸಿ, ಒಣಗೋವರೆಗೆ ಕಾಯಬೇಕು. ವೆಲ್ಚ್ ಎಂಬುವರು ಟೈರಿನ ಅಂಚಿಗೆ ತಂತಿ ಸೇರಿಸಿದರು, ಬಾರ್ಟ್ಲೆಟ್ ಎಂಬುವರು ರಿಮ್‌ನ ತುಟಿಗೆ ಟೈರಿನ ಅಂಚು ಕಚ್ಚಿಕೊಳ್ಳೋ ಹಾಗೆ ಮಾಡಿದರು. ಎರಡೂ 1890ರ ಪೇಟೆಂಟ್‌ಗಳು, ಎರಡೂ ಕಂಪನಿಯ ಕೈಗೆ ಬಂದವು. ಇವತ್ತು ಪಂಚರ್ ಅಂಗಡಿಯವನು ಎರಡು ಲಿವರ್ ಹಾಕಿ ಟೈರ್ ಎಬ್ಬಿಸ್ತಾನಲ್ಲ, ಅವನು ಎಬ್ಬಿಸೋದು ವೆಲ್ಚ್ ಸೇರಿಸಿದ ಆ ತಂತಿಯ ಅಂಚನ್ನೇ. ವಾಲ್ವ್ ಕೆಲಸ ವುಡ್ಸ್ ಎಂಬಾತನದು. ಚಿಕ್ಕಂದಿನಲ್ಲಿ ಸೈಕಲ್ ಇಟ್ಟವರಿಗೆ ವಾಲ್ ಟ್ಯೂಬ್ ನೆನಪಿರಬೇಕು. ಪುಟಾಣಿ ರಬ್ಬರ್ ಕೊಳವೆ, ಅದು ಹರಿದ್ರೆ ಎಷ್ಟು ಗಾಳಿ ಹೊಡೆದರೂ ನಿಲ್ಲಲ್ಲ. ಅದು 1891ರ ಸುಮಾರಿನ ವುಡ್ಸ್ ವಾಲ್ವ್. ನೂರು ವರ್ಷ ದಾಟಿದ ಮೇಲೂ ನಮ್ಮೂರಿನ ಸೈಕಲ್ ಶಾಪಿನ ಡಬ್ಬಿಯಲ್ಲಿ ಇದೆ.

ಆ ಹೊತ್ತಿಗೆ ಫ್ರಾನ್ಸಿನಲ್ಲಿ ಮಿಶೆಲಿನ್ ಅಣ್ಣತಮ್ಮಂದಿರೂ ಕಳಚಿ ಹಾಕೋ ಟೈರ್ ಮಾಡಿದರು. 1895ರಲ್ಲಿ ಪ್ಯಾರಿಸ್‌ನಿಂದ ಬೋರ್ಡೋಗೆ ಹೋಗಿ ವಾಪಸ್ ಬರೋ ರೇಸಿನಲ್ಲಿ ಗಾಳಿ ಟೈರ್ ಹಾಕಿದ ಕಾರನ್ನೇ ಇಳಿಸಿಬಿಟ್ಟರು. ಪದೇ ಪದೇ ಪಂಚರ್ ಆಯ್ತು, ಗೆಲ್ಲಲಿಲ್ಲ. ಆದರೆ ಕಾರಿಗೂ ಗಾಳಿ ಟೈರ್ ಆಗುತ್ತೆ ಅಂತ ಎಲ್ಲರಿಗೂ ಗೊತ್ತಾಯ್ತು.

ಅದೇ 1895ರಲ್ಲಿ ಡನ್ಲಪ್ ಕಂಪನಿಯಿಂದ ಹೊರಗೆ ಬಂದರು. ವ್ಯಾಪಾರದ ರೀತಿಯಲ್ಲಿ ಡು ಕ್ರೋಗೂ ಅವರಿಗೂ ಹೊಂದಿಕೆ ಆಗಲಿಲ್ಲ. ಮುಂದಿನ ವರ್ಷ, 1896ರಲ್ಲಿ, ಡು ಕ್ರೋ ಕಂಪನಿಯನ್ನು ಹೂಲಿ ಎಂಬ ಹಣಕಾಸಿನ ಆಟಗಾರನಿಗೆ 30 ಲಕ್ಷ ಪೌಂಡಿಗೆ ಮಾರಿದರು. ಹೂಲಿ ಅದನ್ನೇ ಹೊಸದಾಗಿ ಶೇರು ಮಾರುಕಟ್ಟೆಗೆ 50 ಲಕ್ಷ ಪೌಂಡಿಗೆ ಬಿಟ್ಟ. 1896ರ 50 ಲಕ್ಷ ಪೌಂಡ್! ಎರಡೇ ವರ್ಷಕ್ಕೆ ಹೂಲಿ ದಿವಾಳಿ ಎದ್ದ, ಅದು ಬೇರೆ ಕಥೆ. ಟೈರ್ ಮಾಡಿದ ಡಾಕ್ಟರಿಗೆ ಈ ದುಡ್ಡಿನ ದೊಡ್ಡ ಪಾಲು ಸಿಗಲಿಲ್ಲ. ಹೆಸರು ಮಾತ್ರ ಕಂಪನಿ ಇಟ್ಟುಕೊಂಡಿತು, ಉದ್ದ ಗಡ್ಡದ ಅವರ ಮುಖವೂ ಜಾಹೀರಾತಿಗೆ ಬಂತು. ಡನ್ಲಪ್ ಕಂಪನಿಯಲ್ಲಿ ಡನ್ಲಪ್ ಇಲ್ಲ.

ಇಲ್ಲಿ ಒಂದು ವಿಷಯ ಬಿಟ್ಟು ಮುಂದೆ ಹೋಗೋಕೆ ನನಗೆ ಆಗ್ತಿಲ್ಲ. ಊರೆಲ್ಲಾ ಸೈಕಲ್, ಆಮೇಲೆ ಕಾರು, ಎಲ್ಲಕ್ಕೂ ರಬ್ಬರ್ ಬೇಕು. 1890ರ ದಶಕದಲ್ಲಿ ಆ ರಬ್ಬರ್ ಬರ್ತಿದ್ದದ್ದು ಕಾಡಿನಿಂದ. ಅಮೆಜಾನ್ ಕಾಡು, ಮತ್ತೆ ಆಫ್ರಿಕಾದ ಕಾಂಗೋ. ಕಾಂಗೋ ಆಗ ಬೆಲ್ಜಿಯಂ ರಾಜ ಎರಡನೇ ಲಿಯೋಪೋಲ್ಡನ ಸ್ವಂತ ಆಸ್ತಿ. ಹಳ್ಳಿಗೆ ಇಷ್ಟು ರಬ್ಬರ್ ಅಂತ ಲೆಕ್ಕ, ತರದಿದ್ದರೆ ಹೆಂಡತಿ ಮಕ್ಕಳನ್ನು ಒತ್ತೆ ಇಟ್ಟುಕೊಳ್ಳೋದು, ಹೊಡೆಯೋದು, ಕೊಲ್ಲೋದು, ಕೈ ಕತ್ತರಿಸೋದು. ಕೈ ಇಲ್ಲದ ಮಕ್ಕಳ ಫೋಟೋಗಳು ಇವತ್ತಿಗೂ ಇವೆ, ನೋಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಇದನ್ನೆಲ್ಲಾ 1904ರಲ್ಲಿ ವರದಿ ಬರೆದು ಜಗತ್ತಿಗೆ ತಿಳಿಸಿದವರಲ್ಲಿ ಒಬ್ಬರು ರೋಜರ್ ಕೇಸ್‌ಮೆಂಟ್. ಅವರೂ ಡಬ್ಲಿನ್ನಿನಲ್ಲೇ ಹುಟ್ಟಿದವರು. ಡನ್ಲಪ್ ಇದರಲ್ಲಿ ಏನೂ ಮಾಡಿದವರಲ್ಲ. ಮಗನ ಬೆನ್ನು ನೋಯದಿರಲಿ ಅಂತ ಒಂದು ಟ್ಯೂಬ್ ಅಂಟಿಸಿದವರು ಅಷ್ಟೇ. ಆದರೂ ಆ ಅಂಗಳಕ್ಕೂ ಆ ಕಾಡಿಗೂ ಮಧ್ಯೆ ಒಂದು ದಾರ ಇದೆ, ಅದನ್ನು ಕತ್ತರಿಸಿ ಹೇಳಿದ್ರೆ ಕಥೆ ಸುಳ್ಳಾಗುತ್ತೆ. ಮುಂದೆ ಮಲಯ, ಸಿಲೋನ್, ಕೇರಳದಲ್ಲಿ ತೋಟಗಳು ಎದ್ದ ಮೇಲೆ ಕಾಡು ರಬ್ಬರ್ ಮಾರುಕಟ್ಟೆ ಬಿದ್ದುಹೋಯ್ತು. ನಮ್ಮ ಸುಳ್ಯ, ಪುತ್ತೂರು ಕಡೆ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಿವೆ. ಅಲ್ಲಿ ಹಾಲು ಇಳಿಸುವ ಎಷ್ಟೋ ಮನೆಯವರು ಶ್ರೀಲಂಕಾದಿಂದ ವಾಪಸ್ ಬಂದ ತಮಿಳರು. ರಬ್ಬರ್ ಎಲ್ಲಿ ಹೋದರೂ ಜನರನ್ನು ಊರಿಂದ ಊರಿಗೆ ಎಳೆದುಕೊಂಡೇ ಹೋಗುತ್ತೆ.

ಡನ್ಲಪ್ ಆಮೇಲೆ ಏನು ಮಾಡಿದರು ಅಂದ್ರೆ, ಡಬ್ಲಿನ್ನಿನಲ್ಲಿ ನೆಲೆಸಿ ಬಟ್ಟೆ ವ್ಯಾಪಾರದಲ್ಲಿ ದುಡ್ಡು ಹಾಕಿದರು. ಮತ್ತೊಂದು ದೊಡ್ಡ ಸಂಶೋಧನೆ ಮಾಡಲಿಲ್ಲ. ಟೈರಿನ ಕಥೆಯನ್ನು ತಾವೇ ಬರೆದಿಟ್ಟರು, ಅವರು ಹೋದ ಮೇಲೆ 1924ರಲ್ಲಿ ಪುಸ್ತಕವಾಗಿ ಬಂತು. 1921ರ ಅಕ್ಟೋಬರಿನಲ್ಲಿ ಶೀತ ಹಿಡೀತು. ಜೀವನವಿಡೀ ಆರೋಗ್ಯದ ಬಗ್ಗೆ ಹೆದರಿದವರು, ನಿಜವಾಗಿ ಕಾಯಿಲೆ ಬಿದ್ದದ್ದು ಆಗಲೇ. ಅಕ್ಟೋಬರ್ 23ರಂದು ತೀರಿಕೊಂಡರು. ಡಬ್ಲಿನ್ನಿನ ಡೀನ್ಸ್‌ಗ್ರೇಂಜ್ ಸ್ಮಶಾನದಲ್ಲಿ ಸಮಾಧಿ ಇದೆ. ಉತ್ತರ ಐರ್ಲೆಂಡಿನ ಒಂದು ಬ್ಯಾಂಕಿನ 10 ಪೌಂಡ್ ನೋಟಿನ ಮೇಲೆ ಅವರ ಚಿತ್ರ ಹಾಕಿದರು. ನಮ್ಮ ದೇಶದಲ್ಲಿ ಅವರ ಹೆಸರಿನ ಕಾರ್ಖಾನೆ 1936ರಲ್ಲೇ ಬಂಗಾಳದ ಸಾಹಾಗಂಜ್‌ನಲ್ಲಿ ಶುರುವಾಗಿತ್ತು.

ಈಗ ನಮ್ಮಪ್ಪನ ಹಸಿರು ಕ್ಯಾಪಿಗೆ ಬರೋಣ.

ಡನ್ಲಪ್ ಫುಟ್‌ಬಾಲ್ ಪಂಪಿನಲ್ಲಿ ತುಂಬಿದ ಗಾಳಿಯಲ್ಲೂ ನೈಟ್ರೋಜನ್ 78 ಪರ್ಸೆಂಟ್ ಇತ್ತು. ಆಕ್ಸಿಜನ್ 21, ಉಳಿದದ್ದು ಹೆಚ್ಚುಕಮ್ಮಿ ಆರ್ಗಾನ್. ಆ ಗಾಳಿಯೊಳಗೆ ನೈಟ್ರೋಜನ್ ಅಂತ ಒಂದು ಬೇರೆ ಅನಿಲ ಇದೆ ಅಂತ ಮೊದಲು ಗುರುತಿಸಿದ್ದು 1772ರಲ್ಲಿ ಡೇನಿಯಲ್ ರುದರ್‌ಫೋರ್ಡ್, ಎಡಿನ್‌ಬರೋದ ಮೆಡಿಕಲ್ ವಿದ್ಯಾರ್ಥಿ. ಡನ್ಲಪ್ ಓದಿದ ಊರು, ಥಾಮ್ಸನ್ ತೀರಿಕೊಂಡ ಊರು. ನನಗೇ ಆಶ್ಚರ್ಯ ಆಯ್ತು.

ನೈಟ್ರೋಜನ್ ಪೂರ್ತಿ ಬುರುಡೆ ಅಂತ ಹೇಳೋ ಹಾಗಿಲ್ಲ. ರಬ್ಬರಿನ ಮೂಲಕ ಆಕ್ಸಿಜನ್ ನುಸುಳೋದು ನೈಟ್ರೋಜನ್‌ಗಿಂತ ಸುಮಾರು ಮೂರು ನಾಲ್ಕು ಪಟ್ಟು ಬೇಗ. ಅಮೆರಿಕದ ಕನ್ಸ್ಯೂಮರ್ ರಿಪೋರ್ಟ್ಸ್ ಪತ್ರಿಕೆಯವರು 31 ಮಾದರಿಯ ಟೈರ್ ತಗೊಂಡು, 30 ಪಿಎಸ್‌ಐ ತುಂಬಿ, ಒಂದು ವರ್ಷ ಹೊರಗೆ ಇಟ್ಟು ನೋಡಿದ್ದಾರೆ. ಮಾಮೂಲಿ ಗಾಳಿಯವು ಸರಾಸರಿ 3.5 ಪಿಎಸ್‌ಐ ಕಳಕೊಂಡವು, ನೈಟ್ರೋಜನ್‌ದವು 2.2. ವ್ಯತ್ಯಾಸ 1.3, ಅದೂ ಇಡೀ ವರ್ಷಕ್ಕೆ. ಎರಡಕ್ಕೂ ಗಾಳಿ ಕಮ್ಮಿಯಂತೂ ಆಯ್ತಲ್ಲ, ಅದನ್ನು ಗಮನಿಸಿ.

ಬಿಸಿ ಆಗಲ್ಲ ಅನ್ನೋದಕ್ಕೆ ಲೆಕ್ಕ ಹಾಕೋಣ, ಫಸ್ಟ್ ಇಯರ್ ಫಿಸಿಕ್ಸ್ ಸಾಕು. ಗೇಜಿನಲ್ಲಿ 33 ಅಂದ್ರೆ ಹೊರಗಿನ 14.7 ಸೇರಿಸಿ 47.7. ಟೈರ್ 27 ಡಿಗ್ರಿಯಿಂದ 57 ಡಿಗ್ರಿಗೆ ಏರಿದ್ರೆ ಕೆಲ್ವಿನ್‌ನಲ್ಲಿ 300ರಿಂದ 330, ಅಂದ್ರೆ ಹತ್ತು ಪರ್ಸೆಂಟ್. ಒತ್ತಡ 52.5 ಆಗುತ್ತೆ, ಗೇಜಿನಲ್ಲಿ 37.8. ಈ ಲೆಕ್ಕದಲ್ಲಿ ಯಾವ ಅನಿಲ ಅನ್ನೋದೇ ಬರಲಿಲ್ಲ. ಗಾಳಿಯೊಳಗೆ ನೀರಿನ ಪಸೆ ಇದ್ದರೆ ಮಾತ್ರ ಸ್ವಲ್ಪ ಹೆಚ್ಚುಕಮ್ಮಿ, ಅದಕ್ಕೆ ರೇಸ್ ಕಾರಿನವರು ಒಣ ಅನಿಲ ಕೇಳ್ತಾರೆ. ವಿಮಾನದ ಟೈರಿಗೆ ನೈಟ್ರೋಜನ್ ಬೇಕೇಬೇಕು, ಅದಕ್ಕೆ ಕಾರಣ ಬೇರೆ. 1986ರ ಮಾರ್ಚ್ 31ರಂದು ಮೆಕ್ಸಿಕೋದಲ್ಲಿ ಒಂದು ಬೋಯಿಂಗ್ 727 ಬಿದ್ದು 167 ಜನ ಸತ್ತರು. ನೈಟ್ರೋಜನ್ ಬದಲು ಮಾಮೂಲಿ ಗಾಳಿ ತುಂಬಿದ್ದ ಟೈರು, ಕಾದ ಬ್ರೇಕಿನ ಬಿಸಿಗೆ ಹಾರುವಾಗಲೇ ಸಿಡಿದಿತ್ತು. ಅಷ್ಟು ಬಿಸಿಯಲ್ಲಿ ಆಕ್ಸಿಜನ್ ಬೆಂಕಿಗೆ ದಾರಿ ಮಾಡುತ್ತೆ. ನಮ್ಮ ಮಾರುತಿ ಕಾರಿನ ಬ್ರೇಕ್ ಅಲ್ಲಿಗೆಲ್ಲಾ ಹೋಗಲ್ಲ.

ಇನ್ನೊಂದು ಲೆಕ್ಕ ಮಾಡಿದಾಗ ಅಪ್ಪ ಸ್ವಲ್ಪ ಸಪ್ಪಗಾದ್ರು. ಬಂಕ್‌ನಲ್ಲಿ ಹಳೇ ಗಾಳಿ ಪೂರ್ತಿ ಬಿಟ್ಟು ನೈಟ್ರೋಜನ್ ತುಂಬಿದರೂ, ಟೈರೊಳಗೆ ಹೊರಗಿನಷ್ಟೇ ಒತ್ತಡದ ಗಾಳಿ ಉಳಿದೇ ಇರುತ್ತೆ. 33ರವರೆಗೆ ಶುದ್ಧ ನೈಟ್ರೋಜನ್ ಹಾಕಿದ್ರೆ ಒಟ್ಟು 93 ಪರ್ಸೆಂಟ್ ಆಗುತ್ತೆ. ಅದೇನೋ ಪರವಾಗಿಲ್ಲ. ಆದರೆ 28ಕ್ಕೆ ಇಳಿದ ಮಾಮೂಲಿ ಗಾಳಿಯ ಟೈರಿಗೆ ಮೇಲಿಂದ ಐದು ಪಿಎಸ್‌ಐ ನೈಟ್ರೋಜನ್ ಹಾಕಿದ್ರೆ? 80 ಪರ್ಸೆಂಟ್. 78 ಇದ್ದದ್ದು 80 ಆಯ್ತು. ಮೊದಲ ಸಲ ಅಪ್ಪನ ಕಾರಿಗೆ ಹಳೇ ಗಾಳಿ ಬಿಟ್ಟು ಹಾಕಿದ್ರಾ, ಮೇಲಿಂದ ಹಾಕಿದ್ರಾ ಅಂತ ಕೇಳಿದೆ. ಅಪ್ಪ ಅವಾಗ ಕಾಫಿ ಕುಡಿಯೋಕೆ ಹೋಗಿದ್ರಂತೆ.

ಇನ್ನು ಮೊಳೆ ತೂತಿನಿಂದ ಆಚೆ ಹೋಗುವಾಗ ಯಾವ ಅಣುವನ್ನೂ ಯಾರೂ ಐಡಿ ಕಾರ್ಡ್ ಕೇಳಲ್ಲ. ನಮ್ಮ ಟೈರ್ ಸಿಡಿದದ್ದು ಒಳಗೆ ಏನಿತ್ತು ಅಂತಲ್ಲ, ಎಷ್ಟಿತ್ತು ಅಂತ. ಫ್ರೀಯಾಗಿ ಸಿಗುತ್ತೆ, ಹತ್ತಿರದಲ್ಲೇ ಇದೆ ಅಂದ್ರೆ ನೈಟ್ರೋಜನ್ ಹಾಕಿಸಿ, ನಷ್ಟ ಇಲ್ಲ. ದುಡ್ಡು ಕೊಟ್ಟು ಹಾಕಿಸೋ ಬದಲು ಒಂದು ಗೇಜ್ ಕೊಂಡು ಡ್ಯಾಶ್‌ಬೋರ್ಡಿನಲ್ಲಿ ಇಟ್ಟುಕೊಳ್ಳಿ ಅಂತ ನಾನು ಹೇಳಿದೆ. ಅಪ್ಪ ಗೇಜ್ ಕೊಂಡರು. ಹಸಿರು ಕ್ಯಾಪ್ ಮಾತ್ರ ತೆಗೆದಿಲ್ಲ, ನೋಡೋಕೆ ಚೆನ್ನಾಗಿದೆ ಅಂತೆ.

ಅವತ್ತು ಸ್ಟೆಪ್ನಿ ಹಾಕಿಕೊಂಡು ಅಜ್ಜಿ ಊರು ಸೇರುವಷ್ಟರಲ್ಲಿ ಸಂಜೆ ಆಗಿತ್ತು. ಊರ ಮುಂದೆ ಕಬ್ಬು ತುಂಬಿದ ಗಾಡಿಗಳು ಸಾಲಾಗಿ ಹೋಗ್ತಿದ್ದವು. ಮೊದಲೆಲ್ಲಾ ಮರದ ಚಕ್ರಕ್ಕೆ ಕಬ್ಬಿಣದ ಪಟ್ಟಿ ಹೊಡೆದಿರ್ತಿದ್ರು, ಈಗ ಎಲ್ಲಾ ಟೈರ್ ಗಾಡಿಗಳೇ. ಮರದ ಗಾಡಿ ಕಾಲದಲ್ಲಿ ಎತ್ತುಗಳ ಹೆಗಲು ಹುಣ್ಣಾಗಿ, ಅಜ್ಜಿ ಬೇವಿನೆಣ್ಣೆ ಅರಿಶಿನ ಹಚ್ಚುತ್ತಾ ಕೂತಿರ್ತಿದ್ದರಂತೆ. ಟೈರ್ ಗಾಡಿ ಬಂದ ಮೇಲೆ ಆ ಕೆಲಸ ಕಮ್ಮಿಯಾಯ್ತು ಅಂದ್ರು. ಟೈರ್ ಕಂಡುಹಿಡಿದವರು ದನದ ಡಾಕ್ಟ್ರು ಅಂತ ಆಗ ನನಗೆ ಗೊತ್ತಿರಲಿಲ್ಲ. ಮೊನ್ನೆ ಫೋನ್ ಮಾಡಿ ಅಜ್ಜಿಗೆ ಹೇಳಿದೆ. ಅವರ ಹೆಸರೇನು ಅಂತ ಎರಡು ಸಲ ಕೇಳಿಕೊಂಡರು.